ತಾಯಿಬಳ್ಳಿಯ ಹೆಸರು

ಕೆಂಚನಮಟ್ಟಿಯ ಮಠ ಎಂದರೆ ಕಲ್ಲಿನ ಹೆಬ್ಬಾಗಿಲು, ಗೋಪುರ, ಅಂಬಾರಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಕಟ್ಟೆ, ಹಿಂದೊಂದು ಸೇದುವ ಬಾವಿ, ಅಷ್ಟೇ. ಆ ಬಾವಿಯ ಸುತ್ತಲಿನ ಹಿತ್ತಲಲ್ಲೇ ಪೂಜ್ಯ ಶ್ರೀ ನಿಜಬೋಧ ಸ್ವಾಮಿಗಳವರು ತಮ್ಮ ಆಯುಷ್ಯದ ಬಹುಭಾಗ ಕಳೆದರು. ಊರವರು ಅವರನ್ನು ಪ್ರೀತಿಯಿಂದ ಹಿತ್ತಲಜ್ಜ ಎನ್ನುತ್ತಿದ್ದರು. ದೂರದಿಂದ ದರ್ಶನಕ್ಕೆ ಬಂದವರು ಕೈಗೆ ಮಣ್ಣು ಮೆತ್ತಿಕೊಂಡು ಕೂತ ಮುದುಕರನ್ನು ಕಂಡು, "ಯಜಮಾನ್ರ, ಸ್ವಾಮಿಗಳು ಎಲ್ಲಿ ಅದಾರ್ರಿ?" ಎಂದು ಅವರನ್ನೇ ಕೇಳಿದ್ದುಂಟು. "ಒಳಗ ಹೋಗಿ ಕುಂದರ್ರಿ, ಕೈ ತೊಳಕೊಂಡು ಬರ್ತಾರ" ಎಂದು ಪೂಜ್ಯರೇ ಹೇಳಿ ಕಳಿಸುತ್ತಿದ್ದರಂತೆ!

ಆ ಹಿತ್ತಲಲ್ಲಿ ಏನಿರಲಿಲ್ಲ ಹೇಳಿ. ಬಾವಿಯ ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ, ಅದರ ಮಗ್ಗುಲಿಗೆ ಬಜೆ, ಗೋಡೆಗುಂಟ ದೊಡ್ಡಪತ್ರೆ ಮತ್ತು ಲೋಳೆಸರ, ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ಬೇಲಿಗೆ ಬೇಲಿಯೂ ಆಗಿ ಕೆಮ್ಮಿಗೆ ಕಷಾಯವೂ ಆಗುವ ಆಡುಸೋಗೆ. ಯಾರು ಬೇಕಾದರೂ ಬಂದು ಎಲೆ ಒಯ್ಯಬಹುದಿತ್ತು. ಆದರೆ ಪೂಜ್ಯರದೊಂದು ನೇಮವಿತ್ತು. ಗಿಡದ ಮುಂದೆ ಕೂತು, ಅದರ ಹೆಸರು ಹಿಡಿದು ಕೂಗಿ, ಇಂಥದಕ್ಕೆ ಬೇಕಾಗಿದೆ ಕೊಡು ಎಂದು ಕೇಳಿ ಕೊಯ್ಯಬೇಕು. ಉಗುರಿನಿಂದ ಚಿವುಟಬೇಕು, ಜಗ್ಗಬಾರದು. ಕುಡಿ ಮುಟ್ಟಬಾರದು. ಹೋಗುವಾಗ ಒಂದು ಟೊಂಗೆಯನ್ನೋ ಬೇರಿನ ತುಂಡನ್ನೋ ಒಯ್ದು ತಮ್ಮ ಮನೆಯ ಹಿತ್ತಲಿಗೆ ಊರಬೇಕು. ಹೆಸರು ಗೊತ್ತಿಲ್ಲದವರಿಗೆ ಪೂಜ್ಯರೇ ಹೇಳಿಕೊಡುತ್ತಿದ್ದರು. ಒಂದೆಲೆಯೆಂದು ಇನ್ನೊಂದೆಲೆ ಅರೆದು ಕುಡಿದು ಪ್ರಾಣಕ್ಕೆ ತಂದುಕೊಂಡವರನ್ನು ಅವರು ಕಂಡಿದ್ದರು, ಅದಕ್ಕೇ ಈ ನೇಮ.

ಅಂಥ ಹಿತ್ತಲಲ್ಲಿ ಒಂದೇ ಒಂದು ಬಳ್ಳಿಗೆ ಹೆಸರಿರಲಿಲ್ಲ. ಯಾವ ಹಕ್ಕಿ ಬೀಜ ಹಾಕಿ ಹೋಗಿತ್ತೋ, ಬಾವಿಯ ಕಟ್ಟೆಯ ಸಂದಿನಲ್ಲಿ ತಾನಾಗಿ ಹುಟ್ಟಿತ್ತು. ಪೂಜ್ಯರು ಅದಕ್ಕೊಂದು ಕೋಲು ಊರಿ ಹಬ್ಬಿಸಿದರು. ಬಂದ ವೈದ್ಯರನ್ನು, ಕುರುಬರನ್ನು, ಜಂಗಮರನ್ನು ಕೇಳಿದರು. ಯಾರಿಗೂ ಗೊತ್ತಿಲ್ಲ. ಕಿತ್ತು ಒಗೆಯಿರಿ ಎಂದವರಿಗೆ, "ಹೆಸರ ಗೊತ್ತಾಗೂ ತನಕ ನೀರು ಕುಡದು ಇರ್ಲಿ" ಎಂದು ನಗುತ್ತಿದ್ದರು. ಹೆಸರಿಲ್ಲದ್ದರಿಂದ ಅದನ್ನು ಯಾರೂ ಕೊಯ್ಯುತ್ತಲೂ ಇರಲಿಲ್ಲ.

ಇನ್ನು ಮದ್ದಿನ ನೀಲಗಂಗವ್ವನ ವಿಷಯಕ್ಕೆ ಬರೋಣ. ಅದೇ ಊರಿನ ಕೆಳಗಿನ ಓಣಿಯವಳು, ಗಂಡ ತೀರಿಕೊಂಡವಳು, ಬಾಯಿ ಜೋರು, ಹಠ ಅದಕ್ಕಿಂತ ಜೋರು. ಎದೆಹಾಲು ಬಾರದ ಬಾಣಂತಿಯರಿಗೆ ಅವಳು ಒಂದು ಮದ್ದು ಕೊಡುತ್ತಿದ್ದಳು. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಆ ಮದ್ದು ಅವಳ ಅತ್ತೆಯದು, ಅತ್ತೆಗೆ ಅವಳ ಅತ್ತೆಯದು. ಅದಕ್ಕೂ ಒಂದು ನೇಮವಿತ್ತು, ಪೂಜ್ಯರ ನೇಮಕ್ಕೆ ತೀರಾ ತಿರುಗುಮುರುಗು. ಓಣಿ ಏಳುವ ಮೊದಲು ಹೋಗಿ ಎಲೆ ತರಬೇಕು, ಸೆರಗಿನೊಳಗೆ ಮುಚ್ಚಿಕೊಂಡು ಬರಬೇಕು, ದಾರಿಯಲ್ಲಿ ಯಾರು ಮಾತಾಡಿಸಿದರೂ ತುಟಿ ಪಿಟಕ್ಕೆನ್ನಬಾರದು. ಬಾಗಿಲು ಹಾಕಿಕೊಂಡು ಬೆನ್ನು ಮಾಡಿ ಕೂತು ಅರೆಯಬೇಕು. ಹೆಸರಂತೂ ಸಾಯುವ ಹೊತ್ತಿಗೆ ಒಬ್ಬರ ಕಿವಿಯಲ್ಲಿ ಒಮ್ಮೆ ಹೇಳುವುದು. ಬಾಯಿ ಬಿಟ್ಟರೆ ಆ ಗಳಿಗೆಯಿಂದಲೇ ಕೈಗುಣ ಹೋಗುತ್ತದೆ, ಮದ್ದು ನೀರಾಗುತ್ತದೆ ಎಂದು ಅತ್ತೆ ಕೊನೆಯುಸಿರಿನಲ್ಲಿ ಆಣೆ ಹಾಕಿಸಿಕೊಂಡಿದ್ದಳು.

ಹೀಗಿರುವಾಗ ಹಿತ್ತಲಜ್ಜನವರ ಮೇಲೆ ನೀಲಗಂಗವ್ವನಿಗೆ ಎಂಥ ಅಭಿಪ್ರಾಯವಿದ್ದೀತು? "ಮದ್ದು ಅಂದ್ರ ಬಾಯಾಗ ಇಟಗೊಳ್ಳೂದು. ಈ ಅಜ್ಜ ಅದನ್ನ ಸಂತಿಗೆ ಹಾಕ್ಯಾನ. ಕಂಡಕಂಡಾವ್ರಿಗೆ ಹೇಳಿದ್ರ ಎಲಿಯೊಳಗ ಏನ ಉಳೀತೈತಿ, ಮಣ್ಣು?" ಎಂದು ಓಣಿಯಲ್ಲೆಲ್ಲ ಆಡುತ್ತಿದ್ದಳು. ಜ್ವರ ಬಂದರೂ ಮಠದ ಕಡೆ ಕಾಲಿಡುತ್ತಿರಲಿಲ್ಲ. ಇದು ಪೂಜ್ಯರ ಕಿವಿಗೂ ಬಿದ್ದಿತ್ತು.

ಅವಳ ಬಳ್ಳಿ ಬೆಳೆಯುತ್ತಿದ್ದದ್ದು ಊರಾಚೆಯ ಬಂಡಿದಾರಿಯ ಕಳ್ಳಿಬೇಲಿಯೊಳಗೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಅವಳು ಕಂಡಿರಲಿಲ್ಲ. ಮನೆಯ ಹಿತ್ತಲಲ್ಲಿ ಹಚ್ಚಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಹಚ್ಚಿದರೆ ನಾಲ್ಕು ಜನ ನೋಡುತ್ತಾರೆ, ಇದೇನು ಎಂದು ಕೇಳುತ್ತಾರೆ. ಹಾಗಾಗಿ ಅದೂ ಇಲ್ಲ. ಆ ವರ್ಷ ಬಂಡಿದಾರಿಯನ್ನು ಅಗಲ ಮಾಡಲು ಆಳುಗಳು ಬಂದರು. ಬೇಲಿ ಕಡಿಯುತ್ತಾ ಬಂದು ಬಳ್ಳಿಯ ಹತ್ತಿರಕ್ಕೆ ಮುಟ್ಟಿದಾಗ ನೀಲಗಂಗವ್ವ ಅಲ್ಲೇ ನಿಂತಿದ್ದಳು. ಇದೊಂದು ಬಿಡ್ರಪ್ಪಾ ಎಂದರೆ ಬಿಡುತ್ತಿದ್ದರು, ಒಳ್ಳೆಯ ಜನ. ಆದರೆ ಯಾಕೆ ಎಂದು ಕೇಳುತ್ತಿದ್ದರಲ್ಲ! ಅವಳು ಕೈಕಟ್ಟಿ ನಿಂತು ಸುಮ್ಮನೆ ನೋಡಿದಳು. ಕಡಿದರು, ಬುಡ ಅಗೆದರು, ಗುಡ್ಡೆ ಹಾಕಿ ಬೆಂಕಿ ಕೊಟ್ಟರು. ಮನೆಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತಳು. ಅಳುವಾಗಲೂ ಯಾತಕ್ಕೆಂದು ಯಾರಿಗೂ ಹೇಳಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಸೊಸೆ ಕಸ್ತೂರಿ ಹೆತ್ತಳು. ಕಸ್ತೂರಿಗೆ ತವರಿನಲ್ಲಿ ತಾಯಿ ಇರಲಿಲ್ಲ, ಅದಕ್ಕೆ ಚೊಚ್ಚಲ ಹೆರಿಗೆ ಅತ್ತೆಮನೆಯಲ್ಲೇ ಆಯಿತು. ಹೆಣ್ಣುಕೂಸು, ಮುಷ್ಟಿಯಷ್ಟು ಮುಖ. ತಾಯಿಯ ಎದೆಗೆ ಹಚ್ಚಿದರೆ ಹೀರಿ ಹೀರಿ ಸೋತು ಅಳುತ್ತಿತ್ತು. ಹಾಲಿನ ಹನಿಯಿಲ್ಲ. ಸಬ್ಬಸಿಗೆ, ಬೆಳ್ಳುಳ್ಳಿ, ಖಾರದ ಗಂಜಿ ಎಲ್ಲ ಆಯಿತು. ಆಡಿನ ಹಾಲು ಕುಡಿಸಿದರೆ ಕುಡಿದಷ್ಟೂ ಕಕ್ಕಿತು. ದವಾಖಾನೆಯ ನರ್ಸಬಾಯಿ ಬಂದು ಡಬ್ಬಿಯ ಹಾಲು ಕೊಟ್ಟು ನೋಡಿದರು, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ಹೆಂಗರ ಮಾಡಿ ತಾಯಿ ಹಾಲು ಬರಬೇಕವ್ವಾ, ನೀನ ಕೊಡತೀಯಲ್ಲ ಎಲ್ಲಾರ್ಗೂ!" ಎಂದರು. ಆ ಮಾತು ನೀಲಗಂಗವ್ವನ ಮುಖಕ್ಕೆ ಹೊಡೆದಂತಾಯಿತು.

ಹಠದ ಹೆಂಗಸು, ಕೈಚೆಲ್ಲಿ ಕೂರಲಿಲ್ಲ. ಹಳ್ಳದ ದಂಡೆ, ಹೊಲದ ಬದು, ಹಾಳುಬಿದ್ದ ಕೋಟೆಯ ಗೋಡೆ, ಪಕ್ಕದೂರಿನ ಗೋಮಾಳ, ಎಲ್ಲ ಕಡೆ ಅಲೆದಳು. ಕಾಲಿಗೆ ನೆಟ್ಟ ಮುಳ್ಳು ಕೀಳುವುದಕ್ಕೂ ನಿಲ್ಲಲಿಲ್ಲ. ಮಗ ಸೋಮಲಿಂಗ, "ಯವ್ವಾ, ಯಾವ ಗಿಡ ಅಂತ ಹೇಳು, ನಾನೂ ಹುಡುಕತೀನಿ, ನಾಕ ಮಂದೀನ ಕರಕೊಂಡು ಹೊಕ್ಕೀನಿ" ಎಂದು ಕಾಲಿಗೆ ಬಿದ್ದ. "ಹೇಳಿದ್ರ ಸಿಕ್ಕೂ ಉಪಯೋಗಿಲ್ಲ, ಬಾಯಿ ಮುಚಗೊಂಡು ಇರು" ಎಂದು ಅವನನ್ನು ಗದರಿ ಮತ್ತೆ ಹೊರಟಳು. ಸಂಜೆ ಬರಿಗೈಯಲ್ಲಿ ಬಂದಾಗ ಕೂಸು ಅಳುವುದನ್ನೇ ಬಿಟ್ಟಿತ್ತು. ಅಳುವಷ್ಟು ತ್ರಾಣವೂ ಅದಕ್ಕೆ ಉಳಿದಿರಲಿಲ್ಲ.

ಮರುದಿನ ಬಾಣಂತಿಯನ್ನು ನೋಡಲು ಬಂದ ಪಕ್ಕದ ಮನೆಯ ಫಕ್ಕೀರವ್ವ, ಒಂದೆಲಗದ ಚಟ್ನಿ ತಂದಿಟ್ಟು, ಹೊತ್ತು ಕಳೆಯಲೆಂದು ಮಠದ ಹಿತ್ತಲಿನ ಸುದ್ದಿ ತೆಗೆದಳು. "ಅಜ್ಜಾರ ಬಾವಿಕಟ್ಟಿಗೆ ಒಂದು ಬಳ್ಳಿ ಐತಿ ನೋಡು, ಎಲಿ ಹಿಂದ ಬೆಳ್ಳಗ, ಮುಟ್ಟಿದ್ರ ಕೂಸಿನ ಕಿವಿ ಮುಟ್ಟಿದಂಗ. ಅದರ ಹೆಸರ ದೇವ್ರಿಗೂ ಗೊತ್ತಿಲ್ಲ" ಎಂದಳು. ಬಂಡಿದಾರಿಯ ಬೇಲಿಯಲ್ಲಿ ಸುಟ್ಟುಹೋದ ಬಳ್ಳಿಯ ಗುರುತೂ ಇದೇ. ನೀಲಗಂಗವ್ವ ಮಾತು ಮುಗಿಯುವುದನ್ನೂ ಕಾಯದೆ ಎದ್ದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಹಂಚಿಕೆ: ಬಾಯಿ ಬಿಡದೆ ಎಲೆ ತರಬೇಕು. ಅಜ್ಜ ಏನಂದರೂ ಸರಿ, ಬೈದರೂ ಸರಿ, ಹೆಸರೊಂದು ತನ್ನ ಬಾಯಿಂದ ಬರಬಾರದು.

ಪೂಜ್ಯರು ಒಂದೆಲಗದ ನಡುವಿನ ಕಳೆ ತೆಗೆಯುತ್ತಾ ಕುಕ್ಕರಗಾಲಲ್ಲಿ ಕೂತಿದ್ದರು. ನೀರು ಸೇದಲು ಬಂದ ಮೂರ್ನಾಲ್ಕು ಹೆಂಗಸರು ಬಾವಿಯ ಬಳಿ ಇದ್ದರು. ಇಷ್ಟು ವರ್ಷ ಮಠದ ಕಡೆ ಮುಖ ಹಾಕದ ನೀಲಗಂಗವ್ವ ಬಂದದ್ದು ಕಂಡು ಅವರು ಸೇದುವ ಹಗ್ಗ ಹಿಡಿದೇ ಹೊರಳಿ ನೋಡಿದರು. ಅವಳು ಯಾರಿಗೂ ನಮಸ್ಕಾರವಿಲ್ಲ, ಮಾತಿಲ್ಲ, ನೆಟ್ಟಗೆ ಬಾವಿಕಟ್ಟೆಗೆ ಹೋಗಿ ಒಂದು ಎಲೆ ಮಗುಚಿ ನೋಡಿದಳು. ಅದೇ. ಅವಳ ಕಣ್ಣು ತುಂಬಿ ಬಂತು. ಕೈ ಚಾಚಿದಳು.

"ಹೆಸರು ಹಿಡದು ಕೇಳು ಯವ್ವಾ" ಎಂದರು ಪೂಜ್ಯರು.

"ನೀವ ಕೊಯ್ದು ಕೊಡ್ರಿ ಅಜ್ಜಾರ."

"ನನಗ ಅದರ ಹೆಸರ ಗೊತ್ತಿಲ್ಲ. ನಿನಗ ಗೊತ್ತೈತಿ ಅಂತ ಕಾಣತೈತಿ."

ಆಗ ಅವಳ ಸಹನೆಯ ಕಟ್ಟೆಯೊಡೆಯಿತು. ಯಾರ ಮುಂದೆ ಮಾತಾಡುತ್ತಿದ್ದೇನೆ ಎನ್ನುವುದೂ ಮರೆತು ಕೂಗಿದಳು: "ಮನ್ಯಾಗ ಕೂಸಿನ ದನಿ ಅಡಗೇತಿ. ತಾಯಿ ಎದಿಯೊಳಗ ಹನಿ ಹಾಲಿಲ್ಲ. ಸ್ವಾಮಿಗಳಾಗಿ ನಿಮಗ ನಿಮ್ಮ ನೇಮಾನ ದೊಡ್ಡದಾತೇನು?"

ಬಾವಿಯ ಬಳಿಯ ಹೆಂಗಸರು ಹೆದರಿ ಕೊಡ ಕೆಳಗಿಟ್ಟರು. ಪೂಜ್ಯರಿಗೆ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ಕುರ್ಪಿಯನ್ನು ನೆಲಕ್ಕಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು ನಿಂತರು.

"ನೇಮ ಬಿಟ್ಟೆ" ಎಂದರು. "ಎಷ್ಟು ಬೇಕೋ ಅಷ್ಟು ತಗೊ. ಬೇರು ಬೇಕಾದ್ರ ಬೇರೂ ತಗೊ."

ಅಷ್ಟೇ ಅಲ್ಲ. ಬಾವಿಯ ಹೆಂಗಸರಿಗೆ, "ನೀವೂ ಆ ಕಡೆ ಹೊಳ್ಳಿ ನಿಂದರ್ರಿ, ಆಕಿ ನೇಮ ಆಕಿಗಿರ್ಲಿ" ಎಂದು ಹೇಳಿ, ತಾವು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಯಾವ ಗುರುವಿನ ಪಾದಕ್ಕೆ ಊರು ಹಣೆ ಹಚ್ಚುತ್ತಿತ್ತೋ ಆ ಗುರು ತಮ್ಮ ಹಿತ್ತಲಲ್ಲಿ ತಾವೇ ಗೋಡೆಗೆ ಮುಖ ಮಾಡಿ ನಿಂತ ಆ ದೃಶ್ಯವನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ!

ನೀಲಗಂಗವ್ವ ಎಲೆ ಚಿವುಟಿ ಸೆರಗಿಗೆ ಹಾಕಿಕೊಂಡಳು. ಅವಳು ಅಂದುಕೊಂಡು ಬಂದದ್ದು ಆಗಿತ್ತು. ಹೆಸರು ಬಾಯಿಂದ ಬಂದಿರಲಿಲ್ಲ, ಎಲೆ ಸಿಕ್ಕಿತ್ತು. ಸೆರಗು ಗಂಟು ಹಾಕಿ ಬೇಲಿಯ ಕಡೆ ತಿರುಗಿದಳು.

ಪೂಜ್ಯರು ತಿರುಗದೆಯೇ, ಮೆಲ್ಲನೆ ಕೇಳಿದರು: "ಯವ್ವಾ, ನಾಳೆ ಇನ್ನೊಬ್ಬಾಕಿ ತಾಯಿ ಹಿಂಗ ಅಳತ ಬಂದ್ರ, ನಾ ಆಕಿಗೆ ಇದು ಏನಂತ ಹೇಳ್ಲಿ?"

ಅವಳ ಕಾಲು ಅಲ್ಲೇ ನಿಂತವು.

"ಹೇಳಬಾರದ್ರೀ ಅಜ್ಜಾರ" ಎಂದಳು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ. "ಹೇಳಿದ್ರ ಗುಣ ಹೋಗತೈತಿ. ನಮ್ಮತ್ತಿ ಆಣಿ ಹಾಕ್ಯಾಳ. ಈಗ ಹೇಳಿದ್ರ ನನ್ನ ಕೂಸ ಉಳಿಯಂಗಿಲ್ಲ."

ಪೂಜ್ಯರು ಒತ್ತಾಯ ಮಾಡಲಿಲ್ಲ, ಉಪದೇಶ ಕೊಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಹಾಗೆಯೇ ನಿಂತಿದ್ದರು.

ನೀಲಗಂಗವ್ವನಿಗೆ ಬೇಲಿ ಕಡಿದ ದಿನ ಕಣ್ಣೆದುರು ಬಂತು. ಅವತ್ತು ಅವಳು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಆಣೆಯನ್ನು ಕೂದಲೆಳೆಯಷ್ಟೂ ತಪ್ಪದೆ ಪಾಲಿಸಿದ್ದಳು. ಆದರೂ ಬಳ್ಳಿ ಸುಟ್ಟು ಬೂದಿಯಾಯಿತಲ್ಲ? ಒಂದು ಮಾತು ಆಡಿದ್ದರೆ ಅದು ಇವತ್ತೂ ಇರುತ್ತಿತ್ತು, ಕೂಸಿಗೆ ಹುಟ್ಟಿದ ದಿನವೇ ಮದ್ದು ಸಿಗುತ್ತಿತ್ತು. ಮದ್ದನ್ನು ಕೊಂದದ್ದು ಹೇಳಿದ ಬಾಯಿ ಅಲ್ಲ, ಹೇಳದೆ ನಿಂತ ತನ್ನ ಬಾಯಿ. ಆದರೂ ಹೆದರಿಕೆ ಹೋಗಲಿಲ್ಲ, ನೋಡಿ. ಅತ್ತೆಯ ಮಾತು ನಿಜವೇ ಆಗಿದ್ದರೆ? ಮನೆಗೆ ಹೋಗಿ ಮೊದಲು ಕೂಸನ್ನು ಉಳಿಸಿಕೊಂಡು ಆಮೇಲೆ ಬಂದು ಹೇಳಿದರಾಯಿತು ಎಂದು ಮನಸ್ಸು ಆಸೆ ತೋರಿಸಿತು. ಆದರೆ ತನ್ನ ಸ್ವಭಾವ ಅವಳಿಗೆ ಗೊತ್ತಿತ್ತು. ಕೂಸು ಉಳಿದ ಮೇಲೆ ತನಗೆ ಬಾಯಿ ಬರುವುದಿಲ್ಲ. ಕೈಗುಣ ಇನ್ನೂ ದೊಡ್ಡದಾಯಿತೆಂದು ಬೀಗುತ್ತಾ ಕೂರುತ್ತೇನೆ. ಹೇಳುವುದಾದರೆ ಈಗಲೇ.

ಅವಳು ಹಿಂದಿರುಗಿ ಬಂದು ಬಳ್ಳಿಯ ಮುಂದೆ ಮಣ್ಣಿನಲ್ಲಿ ಕೂತಳು. ಸೆರಗಿನ ಗಂಟು ಬಿಚ್ಚಿದಳು. ಜನ್ಮದಲ್ಲಿ ಒಮ್ಮೆಯೂ ಗಟ್ಟಿಯಾಗಿ ಅನ್ನದ ಹೆಸರನ್ನು ಇಡೀ ಹಿತ್ತಲಿಗೆ ಕೇಳುವಂತೆ ಕೂಗಿದಳು:

"ತಾಯಿಬಳ್ಳೀ! ನನ್ನ ಸೊಸಿಗೆ ಹಾಲಿಲ್ಲ. ನನ್ನ ಮೊಮ್ಮಗಳು ಹಸದಾಳ. ಎಲಿ ತಗೊಂಡೀನಿ, ಸಿಟ್ಟಾಗಬ್ಯಾಡ ನನ್ನವ್ವಾ!"

ಕೂಗಿ ಮುಗಿಸಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಪೂಜ್ಯರು ತಿರುಗಿದರು. ಹತ್ತಿರ ಬಂದು, ಬಳ್ಳಿಗೆ ಕೈಮುಗಿದು, "ತಾಯಿಬಳ್ಳಿ" ಎಂದು ತಾವೂ ಒಮ್ಮೆ ಅಂದರು. ಆಮೇಲೆ ನೀಲಗಂಗವ್ವನಿಗೂ ಕೈಮುಗಿದರು.

"ಇಷ್ಟು ವರ್ಷ ಇದಕ್ಕ ನೀರು ಹಾಕೀನಿ. ಕರಿಯಾಕ ಬರತಿರ್ಲಿಲ್ಲ. ಇವತ್ತ ನೀ ಕಲಿಸಿದಿ" ಎಂದು, ಬುಡದ ಒಂದು ಬೇರು ಬಿಡಿಸಿ ಒದ್ದೆ ಮಣ್ಣಿನ ಸಮೇತ ಅವಳ ಸೆರಗಿಗೆ ಹಾಕಿದರು. "ಹೋಗು, ಕೂಸು ಕಾಯತೈತಿ. ಹೆದರಬ್ಯಾಡ."

ಮನೆಗೆ ಬಂದವಳು ಬಾಗಿಲು ಹಾಕಲಿಲ್ಲ. ಬೆನ್ನು ಮಾಡಿ ಕೂರಲೂ ಇಲ್ಲ. ಕಸ್ತೂರಿಯ ಎದುರಿಗೇ ಕಲ್ಲು ಹಾಕಿಕೊಂಡು, ಎಲೆಯ ಎರಡೂ ಬದಿ ತೋರಿಸಿ, ಮೂಸಿಸಿ, ಹೆಸರು ಹೇಳಿ, ಬೆಲ್ಲ ಹಾಕಿ ಅರೆದು ಜೋಳದ ಗಂಜಿಯಲ್ಲಿ ಕದಡಿ ಕುಡಿಸಿದಳು. ಪೂಜ್ಯರು ಕೊಟ್ಟ ಬೇರನ್ನು ಎಲ್ಲರಿಗೂ ಕಾಣುವಂತೆ ಹಿತ್ತಲಲ್ಲಿ ಊರಿದಳು. ಸೋಮಲಿಂಗ ಬಾಗಿಲಲ್ಲೇ ಕೂತು ಅವ್ವನ ಹೊಸ ಅವತಾರವನ್ನು ಕಣ್ಣುಬಿಟ್ಟು ನೋಡಿದ.

ಅವತ್ತು ಹಾಲು ಬರಲಿಲ್ಲ. ಮರುದಿನವೂ ಬರಲಿಲ್ಲ. ಓಣಿಯಲ್ಲಿ ಆಗಲೇ ಗುಸುಗುಸು ಎದ್ದಿತ್ತು: "ಹೆಸರು ಹೇಳಿ ಕೆಡಿಸಿಕೊಂಡ್ಲು ನೋಡು. ಅತ್ತಿ ಆಣಿ ಸುಮ್ನ ಬಿಡತೈತೇನು?" ನೀಲಗಂಗವ್ವನಿಗೆ ಜೀವ ಬಾಯಿಗೆ ಬಂದಿತ್ತು. ಕೂಸಿನ ತುಟಿಗೆ ಸಕ್ಕರೆನೀರು ತೊಟ್ಟಿಕ್ಕಿಸುತ್ತಾ ಕೂತವಳಿಗೆ, ತಾನೇ ತನ್ನ ಕೈಯಾರೆ ಇದರ ಕತ್ತು ಹಿಸುಕಿದೆನೇ ಎನ್ನಿಸಿತು. ಹಾಗೆನ್ನಿಸಿದರೂ ಎದ್ದಳು. ಮತ್ತೆ ಮಠಕ್ಕೆ ನಡೆದಳು. ಪೂಜ್ಯರನ್ನು ಯಾಕೆ ಹೀಗಾಯಿತು ಎಂದು ಕೇಳಲಿಲ್ಲ, ಗೋಳಾಡಲೂ ಇಲ್ಲ. ಬಳ್ಳಿಯ ಮುಂದೆ ಕೂತು ಮೊದಲಿಗಿಂತ ಗಟ್ಟಿಯಾಗಿ ಹೆಸರು ಕೂಗಿ ಎಲೆ ತಂದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಸೆರಗು ಬಿಚ್ಚಿ ತೋರಿಸುತ್ತಾ ಬಂದಳು. ಹಿಡಿದ ಪಟ್ಟು ಬಿಡುವವಳಲ್ಲ, ಆದರೆ ಈಗ ಹಿಡಿದ ಪಟ್ಟೇ ಬೇರೆ.

ಮಾರನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಒಳಗಿನಿಂದ ಕಸ್ತೂರಿ, "ಅತ್ತೀ, ಅತ್ತೀ" ಎಂದು ಕೂಗಿದಳು. ಕೈಯ ಹಿಟ್ಟಿನೊಂದಿಗೇ ಓಡಿದಳು ನೀಲಗಂಗವ್ವ. ಸೊಸೆಯ ಕುಪ್ಪಸ ಒದ್ದೆಯಾಗಿತ್ತು. ಕೂಸನ್ನು ಎದೆಗೆ ಹಚ್ಚಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೂಸಿನ ಗಂಟಲಿನಿಂದ ಗುಟಕ್ ಎಂದು ಸಪ್ಪಳ ಬಂತು. ಮತ್ತೊಂದು. ಕೆನ್ನೆಗೆ ಹಾಲು ಹರಿಯಿತು, ಕೂಸು ನೆತ್ತಿಗೇರಿ ಕೆಮ್ಮಿತು, ಮತ್ತೆ ಕುಡಿಯಿತು. ಅತ್ತೆ ಸೊಸೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅತ್ತರು.

ಕೂಸಿಗೆ ಮೈ ಹಿಡಿದ ಮೇಲೆ ನೀಲಗಂಗವ್ವ ಮಠಕ್ಕೆ ಬಂದು ಪೂಜ್ಯರ ಪಾದಕ್ಕೆ ಹಣೆ ಹಚ್ಚಿ ತನ್ನ ಹಳೆಯ ಬಾಯಿಬಡಕತನಕ್ಕೆಲ್ಲ ಕ್ಷಮೆ ಕೇಳಿದಳು. ಪೂಜ್ಯರು, "ಬಳ್ಳಿ ಹೆಂಗೈತಿ?" ಎಂದಷ್ಟೇ ಕೇಳಿದರು. "ಚಿಗುರೇತ್ರಿ" ಎಂದಳು. "ಹಂಗಾದ್ರ ಇಲ್ಲಿ ಯಾಕ ನಿಂತಿ, ಇನ್ನೊಬ್ರ ಮನಿಗೆ ಒಯ್ಯಿ" ಎಂದು ಕಳಿಸಿಬಿಟ್ಟರು.

ಒಯ್ದಳು. ಬಸುರಿ ಇದ್ದ ಮನೆಯೆಂದರೆ ಸಾಕು, ಕರೆಯದಿದ್ದರೂ ಹೋಗಿ ಬಚ್ಚಲ ಬದಿಗೆ ತಾನೇ ಗುಂಡಿ ತೋಡಿ ಬಳ್ಳಿ ಹಚ್ಚಿ, ಹೆಸರು ಕಲಿಸಿ, ಹೇಗೆ ಚಿವುಟಬೇಕು, ಎಷ್ಟು ಅರೆಯಬೇಕು ಎಂದು ತೋರಿಸಿ ಬರುತ್ತಿದ್ದಳು. ಸರಿಯಾಗಿ ಕೂಗದ ಹುಡುಗಿಯರಿಗೆ ಬೈಗುಳವೂ ಬೀಳುತ್ತಿತ್ತು. ಹೀಗೆ ಕಾಲ ಕಳೆದಂತೆ ಅವಳ ಮನೆಯ ಮುಂದೆ ಬಂಡಿ ನಿಲ್ಲುವುದು ಕಡಿಮೆಯಾಗಿ, ಒಂದು ದಿನ ನಿಂತೇ ಹೋಯಿತು. ಇದಕ್ಕೇ ಅಲ್ಲವೇ ಅವಳು ಅಷ್ಟು ವರ್ಷ ಹೆದರಿದ್ದು!

ಅವಳ ವಯಸ್ಸಿನವಳೊಬ್ಬಳು ಕಟ್ಟೆಯ ಮೇಲೆ ಕೂತು ಕೆಣಕಿದಳಂತೆ: "ಈಗ ಯಾರೂ ನಿನ್ನ ಕಡೆ ಬರೂದಿಲ್ಲ ಬಿಡು. ನಿನ್ನ ಕೈಗುಣ ಹೋತಲ್ಲ ನೀಲಗಂಗೀ?"

ನೀಲಗಂಗವ್ವ ಮಡಿಲಲ್ಲಿ ಮಲಗಿದ್ದ ಮೊಮ್ಮಗಳ ಕೂದಲು ಬಾಚುತ್ತಿದ್ದವಳು ತಲೆಯೆತ್ತಿದಳು.

"ಮೊದಲು ನಾ ಸತ್ರ ಕೂಸುಗಳು ಸಾಯತಿದ್ದವು" ಎಂದಳು. "ಈಗ ನಾ ನಿಶ್ಚಿಂತಿಯಿಂದ ಸಾಯಬಹುದು."